ಷಡ್ಡಕನ ಡಬ್ಬಿ

ಷಡ್ಡಕ ಅನ್ನುವ ಸಂಬಂಧವನ್ನು ದೇವರು ಬೇಸರ ಕಳೆಯಲು ಮಾಡಿರಬೇಕು. ಅಣ್ಣತಮ್ಮಂದಿರಾದರೆ ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಋಣವಾದರೂ ಇರುತ್ತದೆ. ಗೆಳೆಯನಾದರೆ ಬೇಡವಾದ ದಿನ ಬಿಟ್ಟುಬಿಡಬಹುದು. ಷಡ್ಡಕನನ್ನು ಬಿಡುವಂತೆಯೂ ಇಲ್ಲ, ಕಟ್ಟಿಕೊಳ್ಳುವಂತೆಯೂ ಇಲ್ಲ. ಅಕ್ಕತಂಗಿಯರು ಅಡುಗೆಮನೆಯಲ್ಲಿ ಕೂತು ಮಾತಿಗಿಳಿದರೆ ಸಾಕು, ಗಂಡಂದಿರಿಬ್ಬರೂ ತಕ್ಕಡಿಯ ಎರಡು ತಟ್ಟೆಗೆ ಹತ್ತಿದಂತೆಯೇ. ಒಬ್ಬ ತೂಗಿದರೆ ಇನ್ನೊಬ್ಬ ಹಗುರ.

ಆ ತಕ್ಕಡಿಯಲ್ಲಿ ಇಷ್ಟು ವರ್ಷ ತೂಗುತ್ತಿದ್ದವನು ತಂತಿ. ಹಗಲು ಮನೆಯ ಹಿಂದಿನ ಶೆಡ್ಡಿನಲ್ಲಿ ಕೆಟ್ಟ ರೇಡಿಯೋ, ಸ್ಪೀಕರು, ಆಂಪ್ಲಿಫೈಯರುಗಳನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ. ಕಾರ್ಯಕ್ರಮ ಇದ್ದ ದಿನ ಗಿಟಾರು ಹಿಡಿದು ವೇದಿಕೆ ಹತ್ತುತ್ತಿದ್ದ. ಎರಡೂ ಕಡೆ ತಂತಿಯ ಕೆಲಸವೇ ಆದ್ದರಿಂದ ಆ ಹೆಸರು ಬಂತು ಎಂದು ಅವನು ಹೇಳಿಕೊಳ್ಳುತ್ತಿದ್ದ. ಮುಟ್ಟಿದರೆ ಹೊಡೆಯುತ್ತಾನೆ, ಅದಕ್ಕೆ ಆ ಹೆಸರು ಎಂದು ಊರಿನವರು ಹೇಳುತ್ತಿದ್ದರು.

ಅವನ ತೂಕಕ್ಕೆ ಕಾರಣ ಎರಡು. ಮೊದಲನೆಯದು ಅಕ್ಕನ ಪಕ್ಕದ ಕುರ್ಚಿ. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಒಂದು ಕಾಲದಲ್ಲಿ ಬಾಯಿ ತೆರೆದರೆ ಬೀದಿಯಲ್ಲಿ ಹೋಗುವವರನ್ನು ನಿಲ್ಲಿಸುತ್ತಿದ್ದ ಹಾಡುಗಾರ್ತಿ. ಸಣ್ಣವರು ದೊಡ್ಡವರು ಎಲ್ಲರಿಗೂ ಅವಳು ಅಕ್ಕನೇ. ಎರಡನೆಯದು ಗುರುಗಳ ಆಂಪು, ಗಿಟಾರಿನ ದನಿ ದೊಡ್ಡದು ಮಾಡುವ ಆಂಪ್ಲಿಫೈಯರು. ಮೊದಲು ಅಕ್ಕನ ಪಕ್ಕ ಕೂತು ನುಡಿಸುತ್ತಿದ್ದವರು ತಂತಿಯ ಗುರುಗಳು. ಅವರು ತೀರಿಕೊಂಡ ಮೇಲೆ ಕುರ್ಚಿಯೂ ಆಂಪೂ ಶಿಷ್ಯನ ಪಾಲಿಗೆ ಬಂದವು. ಟ್ರಂಕಿನಷ್ಟು ದೊಡ್ಡ ಮರದ ಪೆಟ್ಟಿಗೆ, ಮುಂದೆ ಬಟ್ಟೆ, ಹಿಂದೆ ಸಣ್ಣ ಸೀಸೆಗಳಂತೆ ಸಾಲಾಗಿ ನಿಂತು ಕೆಂಪಗೆ ಉರಿಯುವ ಗಾಜಿನ ವಾಲ್ವುಗಳು. ಎತ್ತಿದರೆ ಸೊಂಟ ಹಿಡಿಯುತ್ತಿತ್ತು. ತಂತಿ ಅದನ್ನು ಬೇರೆಯವರ ಕೈಯಲ್ಲಿ ಎತ್ತಿಸುತ್ತಿರಲಿಲ್ಲ.

ಒಂದು ರಜೆಯ ದಿನ ಷಡ್ಡಕ ಹೆಂಡತಿಯ ಜೊತೆ ಮನೆಗೆ ಬಂದ. ಅವನದು ಕನ್ನಡಕದ ಅಂಗಡಿ, ಬಿಡುವಾದಾಗ ಗಿಟಾರು ಮೀಟುವ ಹವ್ಯಾಸ. ಒಳ್ಳೆಯವನು, ನಗುಮುಖದವನು, ತಂತಿಗೆ ಆಗದೇ ಇದ್ದದ್ದೂ ಅದೇ. ಜಗಳ ಆಡುವವನಾಗಿದ್ದರೆ ಒಂದು ದಿನ ಆಡಿ ಮುಗಿಸಬಹುದಿತ್ತು. ಬಗಲಲ್ಲಿದ್ದ ಚೀಲದಿಂದ ಇಟ್ಟಿಗೆಯಷ್ಟು ದಪ್ಪದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ.

"ಅಣ್ಣ, ಬೈಬೇಡ. ತಗೊಂಡುಬಿಟ್ಟೆ."

"ಏನದು, ಕಣ್ಣು ಚೆಕ್ ಮಾಡೋ ಮಿಷನ್ನಾ?"

"ಇದರೊಳಗೆ ಹಳೇ ಆಂಪುಗಳೆಲ್ಲ ಇವೆ. ಹಿಂದಿನ ಕಾಲದವರು ಯಾವ್ಯಾವ ಆಂಪಲ್ಲಿ ನುಡಿಸ್ತಿದ್ರೋ ಅವೆಲ್ಲದರ ದನಿ. ಗುಂಡಿ ತಿರುಗಿಸಿದ್ರೆ ಒಂದೊಂದೇ ಬರುತ್ತೆ."

ಗಿಟಾರಿಗೆ ಜೋಡಿಸಿ ಮೀಟಿದ. ಒಂದು ಗುಂಡಿಗೆ ಬಾವಿಯೊಳಗಿಂದ ಬಂದಂಥ ದನಿ. ಇನ್ನೊಂದಕ್ಕೆ ಹಿತ್ತಾಳೆ ತಟ್ಟೆ ಬಡಿದಂಥ ದನಿ. ಮತ್ತೊಂದಕ್ಕೆ ಗಂಟಲು ಕಟ್ಟಿದ ಗೂಳಿ. ಕನ್ನಡಕದವನ ಬೆರಳುಗಳು ಮರದ ತುಂಡುಗಳು. ತಾಳ ಒಂದು ಕಡೆ, ಅವನೊಂದು ಕಡೆ. ಆದರೆ ದನಿ ಮಾತ್ರ, ಹಾಳಾಗಲಿ, ದನಿಯೇ. ತಂತಿಯ ಹೆಂಡತಿ ಕಾಫಿ ಲೋಟ ಹಿಡಿದುಕೊಂಡೇ ನಿಂತುಬಿಟ್ಟಳು.

"ರೀ, ಎಷ್ಟು ಚೆಂದ ಇದೆ. ನಿಮ್ಮದೂ ಹೀಗೆ ಸಣ್ಣಗಿದ್ದಿದ್ರೆ ನಿಮ್ಮ ಬೆನ್ನಿಗೆ ನಾನು ಎಣ್ಣೆ ತಿಕ್ಕೋದಾದ್ರೂ ತಪ್ತಿತ್ತು."

"ಫೋಟೋದಲ್ಲಿರೋ ದೀಪಕ್ಕೆ ಮನೆ ಬೆಳಗುತ್ತೇನೆ?" ಅಂದ ತಂತಿ. ಮಾತು ಸರಿಯಾಗಿಯೇ ಬಿತ್ತು ಅಂದುಕೊಂಡ. ಯಾರೂ ನಗಲಿಲ್ಲ. ನಾದಿನಿ ಗಂಡನ ಭುಜದ ಮೇಲಿನ ನೂಲು ತೆಗೆಯುತ್ತಾ, "ಭಾವಂಗೆ ಹೊಟ್ಟೆಕಿಚ್ಚು" ಎಂದಳು. ಅದಕ್ಕೆ ಎಲ್ಲರೂ ನಕ್ಕರು.

ಹೊಟ್ಟೆಕಿಚ್ಚು ಅಂತ ಬಾಯಲ್ಲಿ ಹೇಳುವುದು ಸುಲಭ. ಅದು ಹೊಟ್ಟೆಯಲ್ಲಷ್ಟೇ ಇರುವುದಿಲ್ಲ. ತಂತಿಗೆ ಅದು ಬೆರಳ ತುದಿಯಲ್ಲಿತ್ತು. ಎಳೆಯ ವಯಸ್ಸಿನಿಂದ ಗಿಟಾರಿನ ತಂತಿ ಒತ್ತಿ ಒತ್ತಿ ಅವನ ಬೆರಳುಗಳು ಜಡ್ಡುಗಟ್ಟಿದ್ದವು. ಕನ್ನಡಕದವನ ಬೆರಳು ಎಳೆ ಸೌತೆಕಾಯಿ. ಕಷ್ಟಪಡದವನಿಗೆ ಗುಂಡಿ ತಿರುಗಿಸಿದರೆ ದನಿ ಬರುತ್ತದೆ ಎಂದರೆ ಇಷ್ಟು ಕಾಲ ತಾನು ಗೇಯ್ದದ್ದು ಯಾರ ಹೊಲವನ್ನು?

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಅಕ್ಕನ ಕನ್ನಡಕದ ಕಾಲು ಮುರಿಯಿತು. ಅಂಗಡಿಗೆ ಹೋದಳು. ಷಡ್ಡಕ ಕಾಲು ಜೋಡಿಸುತ್ತಾ ಡಬ್ಬಿಯ ಪುರಾಣ ಬಿಚ್ಚಿದ. ಮರುದಿನವೇ ಅಕ್ಕ ತಂತಿಯನ್ನು ಮನೆಗೆ ಕರೆಸಿದಳು. ತನ್ನ ಹಳೆಯ ಹಾಡುಗಳನ್ನು ಕೊನೆಯ ಸಲ ಸ್ಟುಡಿಯೋದಲ್ಲಿ ಹಾಡಿ ಇಡಬೇಕು ಅನ್ನುವ ಆಸೆ ಅವಳಿಗಿತ್ತು. ಗಂಟಲು ಇನ್ನೆಷ್ಟು ದಿನ ಮಾತು ಕೇಳುತ್ತದೋ ಗೊತ್ತಿರಲಿಲ್ಲ. ಆ ಹಾಡುಗಳಿಗೆ ಗಿಟಾರು ತನ್ನದೇ ಎಂದು ತಂತಿ ಕೇಳದೆಯೇ ಅಂದುಕೊಂಡಿದ್ದ.

"ನಿನ್ನ ಷಡ್ಡಕನ ಹತ್ರ ಒಂದು ಡಬ್ಬಿ ಇದೆಯಂತಲ್ಲ. ಗುರುಗಳ ಆಂಪಿನ ದನೀನೂ ಅದರೊಳಗೆ ತುಂಬ್ಕೋಬಹುದಂತೆ. ತುಂಬ್ಕೊಳ್ಳೋಕೆ ಬಿಡು."

"ಆಂಪೇ ಇರೋವಾಗ ಡಬ್ಬಿ ಯಾಕಕ್ಕ?"

"ನಿನಗೆ ಎಷ್ಟು ಸಲ ಹೇಳಿದ್ದೀನಿ. ಗುರುಗಳು ನುಡಿಸಿದ್ರೆ ದನಿ ಕರಗ್ತಿತ್ತು. ನಿಂದು ನಿಂತ್ಕೊಳ್ಳುತ್ತೆ. ತಪ್ಪು ಅಂತಲ್ಲ. ಆದ್ರೆ ಈ ಹಾಡು ಕರಗಬೇಕು ಕಣೋ. ಎರಡನ್ನೂ ಕೇಳ್ತೀನಿ. ಯಾರ ದನಿ ಹಾಡಿಗೆ ಕೂಡುತ್ತೋ ಅವರು ಕೂತ್ಕೊಳ್ಳಿ."

ಕೂತ್ಕೊಳ್ಳಿ. ಅಂದರೆ ಕುರ್ಚಿ. ಆ ಮಾತನ್ನು ಬೆನ್ನ ಮೇಲೆ ಹೊತ್ತುಕೊಂಡು ತಂತಿ ಮನೆಗೆ ನಡೆದ. ದಾರಿಯುದ್ದಕ್ಕೂ ಅವನಿಗೆ ಷಡ್ಡಕನ ಮೇಲೆ ಎಷ್ಟು ಸಿಟ್ಟು ಬಂತೋ ಸತ್ತ ಗುರುಗಳ ಮೇಲೂ ಅಷ್ಟೇ ಬಂತು. ಕರಗುವ ದನಿ. ಆ ಒಂದು ಮಾತಿಗೆ ಅವನು ವರ್ಷಗಟ್ಟಲೆ ಬೆರಳು ಸವೆಸಿದ್ದ. ಮೀಟುವುದನ್ನು ಮೆತ್ತಗೆ ಮಾಡಿ ನೋಡಿದ, ಉಗುರು ಬಿಟ್ಟು ನೋಡಿದ, ಉಗುರು ಕತ್ತರಿಸಿ ನೋಡಿದ. ಬರಲಿಲ್ಲ. ಬದುಕಿರುವವನ ಮೇಲೆ ಮತ್ಸರ ಇದ್ದರೆ ಅವನು ಎಡವಿ ಬೀಳುವುದನ್ನಾದರೂ ಕಾಯಬಹುದು. ಸತ್ತವನು ಎಲ್ಲಿ ಎಡವುತ್ತಾನೆ?

ಷಡ್ಡಕ ಬರುತ್ತೇನೆಂದು ಹೇಳಿದ ದಿನ ತಂತಿ ಬೆಳಗ್ಗೆಯೇ ಶೆಡ್ಡಿಗೆ ಹೋಗಿ ಬಾಗಿಲು ಹಾಕಿಕೊಂಡ. ಮೇಲಿನ ಹಲಗೆಯಲ್ಲಿ ಒಂದು ತಗಡಿನ ಡಬರಿ ಇತ್ತು. ರಿಪೇರಿ ಮಾಡುವವನು ಏನನ್ನೂ ಎಸೆಯುವುದಿಲ್ಲ; ಸತ್ತದ್ದನ್ನೂ ಹತ್ತಿಯಲ್ಲಿ ಸುತ್ತಿ ಇಡುತ್ತಾನೆ. ಆ ಡಬರಿಯಲ್ಲಿ ಗುರುಗಳ ಕಾಲದ ಎರಡು ದೊಡ್ಡ ವಾಲ್ವುಗಳಿದ್ದವು. ಗುರುಗಳು ಅವನ್ನು ಬದಲಿಸಿದವರೇ ಅಲ್ಲ. ಉರಿಯೋ ತನಕ ಉರೀಲಿ ಬಿಡೋ ಅನ್ನುತ್ತಿದ್ದರು. ಆಂಪು ಕೈಗೆ ಬಂದ ದಿನ ತಂತಿ ಮೊದಲು ಮಾಡಿದ ಕೆಲಸವೆಂದರೆ ಆ ಮುದಿ ವಾಲ್ವುಗಳನ್ನು ಕಿತ್ತು ಹೊಸವನ್ನು ಹಾಕಿದ್ದು. ಮೀಟರು ಹಿಡಿದು ನೋಡಿದರೆ ಅವುಗಳಲ್ಲಿ ಅರ್ಧ ಜೀವವೂ ಇರಲಿಲ್ಲ. ಒಳ್ಳೆಯ ಮೆಕ್ಯಾನಿಕ್ಕು ಯಾರಾದರೂ ಅದನ್ನೇ ಮಾಡುತ್ತಿದ್ದರು.

ಈಗ ಅವನು ಹೊಸವನ್ನು ಕಿತ್ತು ಸತ್ತವನ್ನು ಮತ್ತೆ ಚುಚ್ಚಿದ. ತುಂಬ್ಕೋ ಬಾ, ತುಂಬ್ಕೋ, ಹೊಟ್ಟೆ ತುಂಬ ತುಂಬ್ಕೋ ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಕನ್ನಡಕದವನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದ. ಆಂಪನ್ನು ಮುಟ್ಟುವ ಮೊದಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅದನ್ನು ನೋಡಿ ತಂತಿಗೆ ಒಂದು ಕ್ಷಣ ಹೇಗೋ ಆಯಿತು. ಆ ಕ್ಷಣವನ್ನು ನುಂಗಿಕೊಂಡ. ಡಬ್ಬಿಯಿಂದ ಒಂದು ವೈರು ಆಂಪಿಗೆ ಹೋಯಿತು. ಆಂಪಿನ ಬಾಯಿಗೆ ಒಂದು ಮೈಕು ನಿಂತಿತು. ಮೈಕಿನ ವೈರು ಮತ್ತೆ ಡಬ್ಬಿಗೆ ಬಂತು.

"ಡಬ್ಬಿ ಆಂಪಿಗೆ ಒಂದಷ್ಟು ಶಬ್ದ ಕಳಿಸುತ್ತೆ ಅಣ್ಣ. ಆಂಪು ಅದನ್ನ ತನ್ನ ಗಂಟಲಲ್ಲಿ ಹೇಗೆ ಹೇಳುತ್ತೆ ಅಂತ ಕೇಳಿಸ್ಕೊಂಡು ಕಲಿತ್ಕೊಳ್ಳುತ್ತೆ. ಗಿಣಿ ತರಹ."

"ಗಿಣಿಗೆ ಬೈಗುಳ ಬೇಗ ಬರುತ್ತೆ, ನೋಡ್ಕೋ."

ಡಬ್ಬಿ ಕಿರುಚಿತು, ಗುರುಗುಟ್ಟಿತು, ಮಳೆ ಹೊಯ್ದಂತೆ ಚರ್ರೆಂದಿತು. ಆಂಪು ಕೆಮ್ಮುತ್ತಾ ಕೆಮ್ಮುತ್ತಾ ಎಲ್ಲವನ್ನೂ ಒಪ್ಪಿಸಿತು. ಹಿತ್ತಲಿನ ಬೆಕ್ಕು ಗೋಡೆ ಹಾರಿ ಓಡಿಹೋಯಿತು. ಮುಗಿದ ಮೇಲೆ ಷಡ್ಡಕ ಎರಡೂ ಕೈಯಲ್ಲಿ ತಂತಿಯ ಕೈ ಹಿಡಿದುಕೊಂಡು, "ನೀನು ಬಿಡ್ತೀಯ ಅಂತ ಅಂದ್ಕೊಂಡಿರಲಿಲ್ಲ" ಎಂದ.

ಅವನು ಬೀದಿ ತಿರುವು ದಾಟುವ ತನಕ ಕಾದು ತಂತಿ ಸತ್ತ ವಾಲ್ವುಗಳನ್ನು ಕಿತ್ತು ಹೊಸವನ್ನು ಮತ್ತೆ ಕೂರಿಸಿದ. ಕಿತ್ತವುಗಳ ಬಿಸಿ ಇನ್ನೂ ಆರಿರಲಿಲ್ಲ. ಮತ್ತೆ ಡಬರಿಗೆ ಹಾಕಿದರೆ ಹೆಂಡತಿಯೋ ಯಾರೋ ನೋಡಿ ಕೇಳಿದರೆ ಎಂಬ ಅಳುಕು. ಚಿಂದಿಯಲ್ಲಿ ಸುತ್ತಿ ಹಿತ್ತಲಿನ ಕಲ್ಲಿನ ಮೇಲಿಟ್ಟು ಹಿಮ್ಮಡಿಯಿಂದ ತುಳಿದ. ಪಟ್ ಪಟ್ ಎಂದು ಹಪ್ಪಳದ ಹಾಗೆ ಮುರಿದವು. ಕಸದ ಬುಟ್ಟಿಗೆ ಸುರಿದು ಕೈ ತೊಳೆದುಕೊಂಡ. ಅಂದು ಊಟ ಎರಡು ತುತ್ತು ಜಾಸ್ತಿಯೇ ಸೇರಿತು.

ಸ್ಟುಡಿಯೋ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿತ್ತು. ಗೋಡೆಗೆಲ್ಲ ಮೊಟ್ಟೆ ಇಡುವ ತಟ್ಟೆಯಂಥ ಸ್ಪಂಜು, ನೆಲಕ್ಕೆ ಮಾಸಿದ ಜಮಖಾನೆ, ಗಾಜಿನ ಆಚೆ ರೆಕಾರ್ಡಿಂಗ್ ಮಾಡುವವನು. ತಂತಿ ಆಂಪನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೂತ. ಕನ್ನಡಕದವನು ಗಿಟಾರನ್ನು ಹೆಗಲಿಗೆ ಹಾಕಿ, ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಶಿಳ್ಳೆ ಹಾಕುತ್ತಾ ಬಂದ.

ಮೊದಲು ತಂತಿ ನುಡಿಸಿದ. ಒಂದು ಸ್ವರವೂ ಆಚೀಚೆ ಆಗಲಿಲ್ಲ. ಗಾಜಿನ ಲೋಟದ ಮೇಲೆ ಚಮಚ ಬಡಿದ ಹಾಗೆ ಸ್ಪಷ್ಟ. ಅಕ್ಕ "ಹೂಂ" ಎಂದಳು. ಅವಳು ಹೂಂ ಅನ್ನುವುದನ್ನು ಅವನು ಎಷ್ಟೋ ವರ್ಷದಿಂದ ಕೇಳಿದ್ದ.

ಆಮೇಲೆ ಕನ್ನಡಕದವನು. ಮೂರನೆಯ ಸ್ವರಕ್ಕೇ ತಪ್ಪಿದ. ಮತ್ತೆ ಹಿಡಿದ. ತಂತಿ ತಲೆ ತಗ್ಗಿಸಿ ನಗು ಅಡಗಿಸುತ್ತಿದ್ದವನು ಥಟ್ಟನೆ ತಲೆಯೆತ್ತಿದ.

ದನಿ ಕರಗುತ್ತಿತ್ತು.

ಮೀಟಿದ ತಕ್ಷಣ ಅಂಚು ಸ್ವಲ್ಪ ಒರಟು, ನಂತರ ಬೆಲ್ಲ ನೀರಿಗೆ ಬಿದ್ದ ಹಾಗೆ ಮೆತ್ತಗಾಗಿ ಕೆಳಗಿಳಿಯುತ್ತಿತ್ತು. ತಪ್ಪು ಸ್ವರವೂ ಕರಗುತ್ತಿತ್ತು. ಅಕ್ಕ ಹೊಸದಾಗಿ ಜೋಡಿಸಿದ್ದ ಕನ್ನಡಕವನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಇದೇ" ಎಂದಳು. "ಇದೇ ಕಣೋ. ಇಷ್ಟು ವರ್ಷ ನಾನು ಹೇಳ್ತಾ ಇದ್ದದ್ದು ಇದನ್ನೇ."

ತಂತಿಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಗುರುಗಳ ಬೆರಳಲ್ಲಿ ಏನೂ ಇರಲಿಲ್ಲ. ಇದ್ದದ್ದು ಅರ್ಧ ಸತ್ತ ಆ ವಾಲ್ವುಗಳಲ್ಲಿ. ಅವನ್ನು ಕಿತ್ತವನು ತಾನೇ. ತನ್ನ ಕೈ ಸರಿಯಿಲ್ಲವೆಂದು ವರ್ಷಗಟ್ಟಲೆ ಸಾಯುತ್ತಾ ಬಂದವನೂ ತಾನೇ. ಈಗ ಅವನ್ನು ಹಿಮ್ಮಡಿಯಲ್ಲಿ ಪುಡಿ ಮಾಡಿದವನೂ ತಾನೇ. ಆ ದನಿ ಇನ್ನು ಭೂಮಿಯ ಮೇಲೆ ಎಲ್ಲಾದರೂ ಇದ್ದರೆ ಷಡ್ಡಕನ ಡಬ್ಬಿಯೊಳಗೆ ಮಾತ್ರ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗೆ ಕೂತ.

"ಆದ್ರೆ ನಿನ್ನ ಕೈ ನಂಬ್ಕೊಂಡು ನಾನು ಹಾಡಕ್ಕಾಗಲ್ಲಪ್ಪ," ಎಂದಳು ಅಕ್ಕ ಕನ್ನಡಕದವನಿಗೆ. "ತಂತಿ, ನೀನು ಇದರಲ್ಲೇ ನುಡಿಸು. ಕೈ ನಿಂದು, ಡಬ್ಬಿ ಅವನದು."

ಕುರ್ಚಿ ಉಳಿಯಿತು. ಉಳಿದ ರೀತಿ ಮಾತ್ರ ಬೇರೆ. ತಂತಿ ಷಡ್ಡಕನ ಡಬ್ಬಿಗೆ ತನ್ನ ಗಿಟಾರು ಸಿಕ್ಕಿಸಿಕೊಂಡ. ಮೊದಲ ಸ್ವರ ಮೀಟಿದಾಗ ಅವನ ರೋಮ ನಿಮಿರಿದವು. ಅವನ ಅಷ್ಟು ವರ್ಷದ ದುಡಿಮೆಗೆ ಈಗ ನೀರು ಸಿಕ್ಕಿತ್ತು. ಅಕ್ಕ ಕಣ್ಣು ಮುಚ್ಚಿ ಹಾಡಿದಳು. ಹಾಡಿನ ನಡುವೆ ಒಂದು ಕಡೆ ಅವಳ ದನಿ ನಡುಗಿತು. ಗಿಟಾರು ಅದನ್ನು ಕೆಳಗಿನಿಂದ ಕೈಯೊಡ್ಡಿ ಹಿಡಿದುಕೊಂಡಿತು. ಮುಗಿದ ಮೇಲೆ ಗಾಜಿನ ಆಚೆಯಿಂದ ರೆಕಾರ್ಡಿಂಗಿನವನು ಎದ್ದು ಹೊರಗೇ ಬಂದ. ತಂತಿ ನೆಟ್ಟಗೆ ಕೂತ. ಆತ ಅವನ ಪಕ್ಕದಿಂದಲೇ ಹಾದು ಷಡ್ಡಕನ ಹತ್ತಿರ ಹೋದ.

"ಸಾರ್, ಈ ಟೋನ್ ಹೇಗೆ ತೆಗೆದ್ರಿ?"

ಕನ್ನಡಕದವನ ಮುಖ ಅರಳಿತು. ಇಬ್ಬರೂ ಬಾಗಿಲಾಚೆಯ ಪಡಸಾಲೆಗೆ ಹೋದರು. ಮೈಕು ಎಷ್ಟು ದೂರ ಇಡಬೇಕು, ಯಾವ ಕೋನದಲ್ಲಿ ಇಡಬೇಕು, ತಾನು ಹೇಗೆ ಯೋಚನೆ ಮಾಡಿ ಇಟ್ಟೆ ಎಂದು ಷಡ್ಡಕ ಕೈ ತಿರುಗಿಸಿ ವಿವರಿಸುವುದು ತಂತಿಗೆ ಕೇಳಿಸುತ್ತಿತ್ತು. ರೆಕಾರ್ಡಿಂಗಿನವನು "ಓಹೋ, ಓಹೋ" ಅನ್ನುತ್ತಿದ್ದ. ಒಂದೊಂದು ಓಹೋ ತಂತಿಯ ಗಾಯಕ್ಕೆ ಒಂದೊಂದು ಚಿಟಿಕೆ ಉಪ್ಪು. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಮತ್ಸರಕ್ಕೆ ಬಾಯಿ ದೊಡ್ಡದು, ಬುದ್ಧಿ ಚಿಕ್ಕದು. ರೆಕಾರ್ಡಿಂಗಿನವನು ಒಳಗೆ ಹೋದದ್ದೇ ತಡ, ಎದ್ದು ಪಡಸಾಲೆಗೆ ನುಗ್ಗಿದ.

"ಮೈಕು ಇಟ್ಟದ್ದಕ್ಕೆ ಬಂದ ದನಿಯಲ್ಲ ಅದು. ನಾನು ಹಾಕಿದ ವಾಲ್ವಿನ ದನಿ. ಗುರುಗಳ ಹಳೇ ವಾಲ್ವು ಇಟ್ಕೊಂಡಿದ್ದೆ, ಅದನ್ನ ಹಾಕಿದ್ದಕ್ಕೆ ಬಂತು. ನಿನ್ನ ಡಬ್ಬಿದು ಏನೂ ಇಲ್ಲ ಅದರಲ್ಲಿ."

"ಹೌದಾ? ಮತ್ತೆ ಇವತ್ತು ಯಾಕೆ ನಿನ್ನ ಆಂಪಿಗೆ ಹಾಕ್ಕೊಂಡು ಬರಲಿಲ್ಲ?"

ತಂತಿ ಬಾಗಿಲ ಕಡೆ ತಿರುಗಿದ.

"ಅವು ಸತ್ತ ವಾಲ್ವು ಅಲ್ವಾ ಅಣ್ಣ? ನೀನೇ ಹೇಳಿದ್ದೆ ಒಂದ್ಸಲ, ಗುರುಗಳದ್ದು ಸತ್ತುಹೋಗಿದ್ವು ಅಂತ." ಷಡ್ಡಕ ನಿಧಾನವಾಗಿ ಮಾತಾಡುತ್ತಿದ್ದ, ದೂರದ ಅಕ್ಷರ ಓದಿಸುವವನ ಹಾಗೆ. "ನನ್ನ ಡಬ್ಬಿ ಹಾಳಾಗ್ಲಿ ಅಂತ ಹಾಕಿದ್ದೆ ಅಲ್ವಾ?"

"ಹೂಂ."

"ಈಗೆಲ್ಲಿವೆ ಅವು?"

"ತುಳಿದು ಹಾಕ್ದೆ."

ಕನ್ನಡಕದವನ ಮುಖದಲ್ಲಿ ನಗು ಇಲ್ಲದ್ದನ್ನು ತಂತಿ ಮೊದಲ ಸಲ ನೋಡಿದ. ಷಡ್ಡಕ ಒಳಗೆ ಹೋಗಿ ವೈರುಗಳನ್ನು ಒಂದೊಂದಾಗಿ ಬಿಚ್ಚಿ ಡಬ್ಬಿಯನ್ನೇ ಎತ್ತಿಕೊಂಡು ಬಂದು ಚೀಲಕ್ಕೆ ಹಾಕಿದ.

"ಲೋ, ಏನ್ ಮಾಡ್ತಿದ್ದೀಯ? ಇನ್ನೂ ಹಾಡು ಬಾಕಿ ಇವೆ."

"ನಿನ್ನ ಟ್ರಂಕು ಇದೆಯಲ್ಲ, ಅದರಲ್ಲೇ ನುಡಿಸ್ಕೋ. ನಿಂತ್ಕೊಳ್ಳಲಿ ದನಿ, ಪೊಲೀಸಿನ ಹಾಗೆ."

ಒಳಗಿನಿಂದ ಅಕ್ಕ ಗಂಟಲು ಸರಿಮಾಡಿಕೊಳ್ಳುವುದು ಕೇಳಿಸಿತು. ತಂತಿ ಜೀವಮಾನದಲ್ಲಿ ಯಾರ ಹತ್ತಿರವೂ ಏನನ್ನೂ ಕೇಳಿದವನಲ್ಲ. ಷಡ್ಡಕನ ಹತ್ತಿರ ಲೋಟ ನೀರು ಬೇಕಾದರೂ ಹೆಂಡತಿಯ ಮೂಲಕ ಕೇಳಿದವನು. ಅವನು ಚೀಲದ ಪಟ್ಟಿ ಹಿಡಿದುಕೊಂಡ.

"ಕೊಡೋ."

"ಹೇಗೆ ಕೇಳ್ತಿದ್ದೀಯ ನೋಡು. ಕೊಡೋ ಅಂತೆ."

"ಕೊಡಪ್ಪ. ಅಕ್ಕನ ಗಂಟಲು ಇವತ್ತು ಇದೆ, ಇನ್ನೊಂದು ದಿನಕ್ಕೆ ಇರುತ್ತೋ ಇಲ್ವೋ. ನನ್ನ ಮುಖ ನೋಡ್ಬೇಡ. ತಪ್ಪಾಯ್ತು."

ಷಡ್ಡಕ ಗೋಡೆಗೆ ಒರಗಿದ. "ಒಂದು ವಿಷಯ ಗೊತ್ತಾ ನಿನಗೆ? ಅದೇ ಡಬ್ಬಿ, ಅದೇ ದನಿ, ಹಾಡು ಕೈಗೆ ಹತ್ತಲಿ ಅಂತ ಎಷ್ಟು ದಿನ ಕೂತು ತಿಣುಕಿದ್ದೀನಿ. ಬರಲಿಲ್ಲ. ನೀನು ಕೂತ್ಕೊಂಡೆ, ಬಂದುಬಿಡ್ತು. ಅಲ್ಲಿ ಮೂಲೇಲಿ ಕೂತು ಹಲ್ಲು ಕಡೀತಿದ್ದೆ. ಅದಕ್ಕೇ ಆ ರೆಕಾರ್ಡಿಂಗಿನವನ ಹತ್ರ ಅಷ್ಟೊಂದು ಕೊಚ್ಕೊಂಡಿದ್ದು."

ತಂತಿಗೆ ಮೈಯೆಲ್ಲ ತಂಪಾಯಿತು. ಬೇಸಗೆಯಲ್ಲಿ ತಲೆಯ ಮೇಲೆ ಕೊಡ ನೀರು ಸುರಿದ ಹಾಗೆ. ಇದು ಒಳ್ಳೆಯತನವಲ್ಲ ಎಂದು ಅವನಿಗೂ ಗೊತ್ತಿತ್ತು.

"ತುಂಬಾ ಉರೀತಾ?"

"ಇನ್ನೂ ಉರೀತಿದೆ."

"ಸರಿ. ಏನ್ ಬೇಕು ಹೇಳು."

"ಮುಂದಿನ ಹಾಡಲ್ಲಿ ನಾನೂ ಇರಬೇಕು. ಹಿಂದಿನಿಂದ ಸುಮ್ನೆ ತಾಳಕ್ಕೆ ಮೀಟ್ತೀನಿ. ನಿನ್ನ ಆಂಪಲ್ಲಿ."

ಗುರುಗಳ ಆಂಪಿಗೆ ಆ ಸೌತೆಕಾಯಿ ಬೆರಳು. ತಂತಿ ಚಾವಣಿ ನೋಡಿದ, ನೆಲ ನೋಡಿದ. "ಸುಲಭದ ಹಾಡು ಆರಿಸ್ಕೋ," ಎಂದ.

ಸುಲಭದ್ದನ್ನೇ ಆರಿಸಿಕೊಂಡರು. ಕನ್ನಡಕದವನು ಆಂಪಿನ ಮುಂದೆ ಮೊಣಕಾಲೂರಿ, ಹೊಸ ವಾಲ್ವುಗಳು ಕೆಂಪಗಾಗುವುದನ್ನು ಬಗ್ಗಿ ನೋಡಿ, ಸ್ಟೂಲಿನ ಮೇಲೆ ಕೂತ. ಹಾಡು ಶುರುವಾಯಿತು. ಡಬ್ಬಿಯಿಂದ ತಂತಿಯ ಗಿಟಾರು ಕರಗುತ್ತಾ ಇಳಿಯುತ್ತಿತ್ತು. ಹಿಂದಿನಿಂದ ಷಡ್ಡಕನ ತಾಳ ಟಣ್ ಟಣ್ ಎಂದು ಬರುತ್ತಿತ್ತು. ಆಂಪು ಅದನ್ನು ಮುಚ್ಚಿಡದೆ ಇದ್ದದ್ದು ಇದ್ದ ಹಾಗೆ ಹೇಳುತ್ತಿತ್ತು. ಷಡ್ಡಕ ತಾಳದಲ್ಲಿ ಕೂದಲೆಳೆಯಷ್ಟು ಹಿಂದೆ ಬೀಳುತ್ತಿದ್ದ. ತಂತಿಗೆ ಅದು ಗೊತ್ತಾಯಿತು, ಹಿತವಾಯಿತು.

ಒಂದು ಸಾಲು ಮುಗಿದಾಗ ಅಕ್ಕ ಕೈಯೆತ್ತಿ ಹಾಡು ನಿಲ್ಲಿಸಿದಳು. ಈಗ ಸಿಕ್ಕಿಬಿದ್ದ ಎಂದುಕೊಂಡ ತಂತಿ. ಅಕ್ಕ ಹಿಂದೆ ತಿರುಗಿ ಸ್ಟೂಲಿನ ಕಡೆ ನೋಡಿದಳು.

"ಹೆಸರೇನಪ್ಪ ನಿಂದು, ಮರೆತೇಹೋಗುತ್ತೆ. ಆ ನಿಧಾನ ಚೆನ್ನಾಗಿದೆ. ನನಗೆ ಉಸಿರು ತಗೊಳ್ಳೋಕೆ ಜಾಗ ಸಿಗುತ್ತೆ. ಹಾಗೇ ಮೀಟು."

ಚೆನ್ನಾಗಿದೆ. ಅಷ್ಟು ವರ್ಷ ಪಕ್ಕದಲ್ಲಿ ಕೂತವನಿಗೆ ಹೂಂ, ಹಿಂದಿನ ಸ್ಟೂಲಿನಲ್ಲಿ ಒಂದು ಸಾಲು ಕೂತವನಿಗೆ ಚೆನ್ನಾಗಿದೆ. ಷಡ್ಡಕ ಮುಖ ತುಂಬ ನಗುತ್ತಾ, "ಅಣ್ಣ, ಶುರು ಮಾಡೋಣ್ವಾ?" ಎಂದ.

"ಮಾಡೋಣ," ಎಂದ ತಂತಿ. ಬಗ್ಗಿ ಡಬ್ಬಿಯ ವಾಲ್ಯೂಮನ್ನು ಒಂದು ಗೆರೆ ಮೇಲಕ್ಕೆ ತಿರುಗಿಸಿದ. ಸ್ವಲ್ಪ ಯೋಚಿಸಿ, ಇನ್ನೂ ಅರ್ಧ ಗೆರೆ ತಿರುಗಿಸಿದ.